ಬೇಜಾರಾಗಬಾರದೆಂದು ಕೆಲಸ ಬಿಟ್ಟ ಭಾವ

ದುಬೈಯಲ್ಲಿ ಕೆಲಸ ಕಳೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೆಲಸದಿಂದ ತೆಗೆಯುವವರಿಗೆ ಬೇಜಾರಾಗಬಾರದೆಂದು ತಾವೇ ಮುಂದಾಗಿ ರಾಜೀನಾಮೆ ಕೊಟ್ಟು, ಮೇಲಿಂದ ಅವರಿಗೆ ಚಹಾ ಕುಡಿಸಿ ಸಮಾಧಾನ ಮಾಡಿ ಬಂದ ಮಹಾನುಭಾವರು ನನಗೆ ತಿಳಿದಂತೆ ಒಬ್ಬರೇ. ನನ್ನ ಗ್ರಹಚಾರಕ್ಕೆ ಅವರು ನನ್ನ ಅಕ್ಕನ ಗಂಡ!

ಭಾವ ಉಡುಪಿ ಕಡೆಯವರು. ಮದುವೆಯೂಟದಲ್ಲಿ ಬಡಿಸುವವನ ಮುಖ ಬಾಡೀತೆಂದು ನಾಲ್ಕನೇ ಸಲವೂ ಪಾಯಸ ಹಾಕಿಸಿಕೊಂಡು, ಆಮೇಲೆ ಎರಡು ದಿನ ಮಲಗುವ ಜಾತಿ. ಜೆಬೆಲ್ ಅಲಿಯ ಸರಕು ಸಾಗಣೆ ಕಂಪನಿಯೊಂದರಲ್ಲಿ ತುಂಬಾ ವರ್ಷ ದುಡಿದವರು. ಜನ ಕಡಿಮೆ ಮಾಡಲು ಆದೇಶ ಬಂದು, ಒಂದು ದಿನ ಮ್ಯಾನೇಜರ್ ಇವರನ್ನು ಒಳಗೆ ಕರೆದರಂತೆ.

"ಎಸಿಯಲ್ಲಿ ಕೂತು ಬೆವರ್ತಿದ್ದ ಮಾರಾಯ, ಪಾಪ" ಎಂದರು ಭಾವ ನನಗೆ ಫೋನಿನಲ್ಲಿ. "ಹೇಳ್ಲಿಕ್ಕೆ ಬಾಯೇ ಬರುದಿಲ್ಲ ಅವನಿಗೆ. ನಾನೇ ಬಿಡ್ತೇನೆ, ನೀವು ಟೆನ್ಶನ್ ಮಾಡ್ಬೇಡಿ ಅಂತ ಬರೆದು ಕೊಟ್ಟೆ."

ಮ್ಯಾನೇಜರ್ ಕಣ್ಣೊರೆಸಿಕೊಂಡು, ಸ್ವಂತವಾಗಿ ದುಡಿಯುವ ಪರ್ಮಿಟ್ ಮಾಡಿಸಿಕೊಂಡು ಬಂದರೆ ಇದೇ ಕೆಲಸವನ್ನು ಕಾಂಟ್ರಾಕ್ಟ್ ಮೇಲೆ ಕೊಡುತ್ತೇನೆ ಎಂದರಂತೆ.

"ಭಾವ, ಕೆಲಸ ಹೋದವರಿಗೆ ಮೂರು ತಿಂಗಳು ಕೊಡುವ ವಿಮೆ ಉಂಟಲ್ಲ?"

"ಅದೇ ಈಗ ಕೇಳಿದೆ. ತೆಗೆದ್ರೆ ಮಾತ್ರ ಅಂತೆ. ತಾನಾಗಿ ಬಿಟ್ಟವರಿಗೆ ಮಾಫಿ, ಎಂತದೂ ಇಲ್ಲ."

"ಅವರು ತೆಗೆಯುವವರೇ ಇದ್ದರು ಅಂತ ಹೇಳಬೇಕಿತ್ತು."

"ಹೇಳಿದೆ. ಫೋನ್ ಎತ್ತಿದ ವಿಮೆ ಆಫೀಸಿನ ಹುಡುಗಿಗೆ ಪಾಪ, ಇಲ್ಲ ಅನ್ನಲಿಕ್ಕೆ ಎಷ್ಟು ಬೇಜಾರಾಯ್ತು ಗೊತ್ತುಂಟಾ? ಪರವಾಗಿಲ್ಲ ಮಗಾ ಅಂತ ನಾನೇ ಫೋನ್ ಇಟ್ಟೆ."

ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನಾನು ಮಾಡಿದೆ, ಚೆನ್ನಾಗಿಯೇ ಮಾಡಿದೆ. ಏಕೆಂದರೆ ಕೆಲಸದ ಜೊತೆಗೆ ಕಂಪನಿ ಕೊಟ್ಟ ವೀಸಾವೂ ರದ್ದಾಗಿತ್ತು. ಸರ್ಕಾರ ಕೊಟ್ಟ ಗಡುವಿನೊಳಗೆ, ಅರ್ಜಿ ಹಾಕಿದ್ದ ಹೊಸ ಪರ್ಮಿಟ್ ಬರದಿದ್ದರೆ ಭಾವ, ಅಕ್ಕ, ಇಲ್ಲೇ ಹುಟ್ಟಿ ಈಗ ಹತ್ತನೇ ಕ್ಲಾಸಿನಲ್ಲಿರುವ ಮಗಳು, ಮೂವರೂ ಊರಿಗೆ ಗಂಟುಮೂಟೆ ಕಟ್ಟಬೇಕಿತ್ತು.

ಭಾವನಿಗೆ ಮಾತ್ರ ಅದರ ಚಿಂತೆಯೇ ಇದ್ದಂತಿರಲಿಲ್ಲ. ಮೊದಲ ದಿನ ಅಭ್ಯಾಸಬಲದಿಂದ ಬೆಳಿಗ್ಗೆ ಮನೆಯಿರುವ ಅಲ್ ಕುಸೈಸ್‌ನ ರಸ್ತೆ ಬದಿಯಲ್ಲಿ ಕಂಪನಿ ಬಸ್ಸಿಗೆ ಕಾದು ನಿಂತರು. ಡ್ರೈವರ್‌ಗೆ ಇಳಿಯಿರಿ ಎನ್ನಲು ಸಂಕೋಚ, ಇವರಿಗೆ ಹತ್ತುವುದಿಲ್ಲ ಎನ್ನಲು ಸಂಕೋಚ. ಹೀಗೆ ಇಬ್ಬರು ಮರ್ಯಾದಸ್ಥರು ಸೇರಿ ಜೆಬೆಲ್ ಅಲಿಯವರೆಗೆ ಹೋಗಿಬಿಟ್ಟರು! ವಾಪಸ್ ಬಂದದ್ದು ಮೆಟ್ರೋದಲ್ಲಿ.

ಮರುದಿನದಿಂದ ಹಾಲ್‌ನಲ್ಲೇ ಆಫೀಸು ಶುರುವಾಯಿತು. ಕೆಲಸ ಇನ್ನೂ ಬಂದಿಲ್ಲ, ಆದರೆ ಕಾಂಟ್ರಾಕ್ಟರ್ ಆಗುವುದಕ್ಕೆ ಅಭ್ಯಾಸ ಬೇಡವೇ? ಇಸ್ತ್ರಿ ಹಾಕಿದ ಪ್ಯಾಂಟು, ಶೂ, ಎದುರಿಗೆ ಖಾಲಿ ಲ್ಯಾಪ್‌ಟಾಪು. ಅಕ್ಕ ಅಡುಗೆಮನೆಯಿಂದ, "ಸ್ವಲ್ಪ ಬಂದು ತೆಂಗಿನಕಾಯಿ ಒಡೆದು ಕೊಡಿ" ಎಂದರೆ, "ಡ್ಯೂಟಿ ಟೈಮ್" ಎಂದು ಉತ್ತರ.

"ಹಾಗಾದ್ರೆ ನಿಮ್ಮ ಸಾಹೇಬರ ಹತ್ರ ಹತ್ತು ನಿಮಿಷ ರಜೆ ಕೇಳಿ."

ಭಾವ ಕಣ್ಣುಮುಚ್ಚಿ ಯೋಚಿಸಿ, "ಕೊಡುದಿಲ್ಲ ಅಂತಾರೆ. ತುಂಬಾ ಸ್ಟ್ರಿಕ್ಟ್" ಎಂದರು. ಜೀವನದಲ್ಲಿ ಮೊದಲ ಬಾರಿ ಅವರು ಒಬ್ಬರಿಗೆ ಇಲ್ಲ ಅಂದದ್ದು, ಅದೂ ತಮಗೇ!

ಪರ್ಮಿಟ್ ಬಂದದ್ದು ಗಡುವು ಮುಗಿಯುತ್ತ ಬಂದಾಗ, ಒಂದು ಶನಿವಾರ. ರಜೆಯೆಂದು ನಾನು ಅಬುಧಾಬಿಯಿಂದ ಅಲ್ಲಿಗೆ ಹೋಗಿದ್ದೆ. ಮೊಬೈಲಿನಲ್ಲಿ ಸುದ್ದಿ ನೋಡಿದ ಭಾವ, ಶೂ ಹಾಕಿಕೊಂಡೇ ಮಗಳ ಕೋಣೆಗೆ ಓಡಿದರು. ನಾನೂ ಹಿಂದೆಯೇ ಹೋದೆ.

ಕಪಾಟು ಖಾಲಿಯಾಗಿತ್ತು. ಮಂಚದ ಪಕ್ಕ ಜಿಪ್ ಎಳೆದ ದೊಡ್ಡ ಸೂಟ್‌ಕೇಸ್. ಗೋಡೆಯಲ್ಲಿದ್ದ ಗೆಳತಿಯರ ಫೋಟೋಗಳೂ ಇರಲಿಲ್ಲ.

"ಇದೆಂತದು ಮಗಾ? ಯಾವಾಗ ಕಟ್ಟಿದ್ದು?"

ಅವಳು ತಲೆ ತಗ್ಗಿಸಿ, "ಲಾಸ್ಟ್ ವೀಕ್, ಪಪ್ಪಾ. ನಾವು ಊರಿಗೆ ಹೋಗಬೇಕು ಅಂತ ಹೇಳ್ಲಿಕ್ಕೆ ನಿಮಗೆ ತುಂಬಾ ಬೇಜಾರಾಗ್ತದಲ್ಲ" ಎಂದಳು.

ಭಾವ ಸೂಟ್‌ಕೇಸಿನ ಮುಂದೆ ನೆಲಕ್ಕೆ ಕುಳಿತು ಜಿಪ್ ಬಿಚ್ಚಿದರು. ಯೂನಿಫಾರ್ಮುಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಸರಿಮಾಡಿ, ಕಪಾಟಿನಲ್ಲಿಡತೊಡಗಿದರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.