ಘಂಟಾವತಿಯ ಹಿಟ್ ಗಂಟೆ

ಬಹಳ ಹಿಂದೆ, ಅಂದರೆ ದೂರು ಕೊಡುವುದಕ್ಕೆ ಒಟಿಪಿ ಬೇಕಾಗಿಲ್ಲದ ಕಾಲದಲ್ಲಿ, ಘಂಟಾವತಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಜಯಘೋಷವರ್ಮರು ಆಳುತ್ತಿದ್ದರು. ಆಳುತ್ತಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದುದರಿಂದ ನಾನೂ ಹಾಗೆಯೇ ಬರೆದಿದ್ದೇನೆ.

ಅಲ್ಲಿ ತಲೆತಲಾಂತರದ ಒಂದು ಪದ್ಧತಿಯಿತ್ತು. ಅರಮನೆಯ ಹೆಬ್ಬಾಗಿಲಲ್ಲಿ ಕಂಚಿನ ದೊಡ್ಡ ಗಂಟೆಯೊಂದನ್ನು ತೂಗುಹಾಕಿದ್ದರು. ಕಷ್ಟವಿದ್ದವರು ಬಂದು ಮರದ ಕೊಡತಿಯಿಂದ ಅದನ್ನು ಒಮ್ಮೆ ಹೊಡೆಯಬೇಕು. ಪಕ್ಕದಲ್ಲಿ ಕೂತಿರುವ ಗಂಟೆಯ ಶಾನುಭೋಗ ತಿಪ್ಪರಸಯ್ಯ ಹೆಸರು, ಕೇರಿ, ದೂರು ಮೂರನ್ನೂ ಬರೆದುಕೊಂಡು ಸಂಜೆ ದೊರೆಯ ಮುಂದೆ ಓದಬೇಕು. ಹಿಂದಿನ ದೊರೆಗಳು ಕೆಲವು ದೂರಿಗೆ ಪರಿಹಾರ ಕೊಟ್ಟು, ಕೆಲವನ್ನು ಕೇಳುತ್ತ ತೂಕಡಿಸಿ, ಹೇಗೋ ಕಾಲ ಹಾಕಿದ್ದರು. ದಿನವಿಡೀ ಗಂಟೆ ಸುಮ್ಮನಿದ್ದರೆ ರಾಜ್ಯ ಸುಭಿಕ್ಷವಾಗಿದೆ ಎಂದು ಅರ್ಥ.

ಹೀಗಿರಲಾಗಿ ಕಡಲಾಚೆಯ ಅತ್ತರಿನ ವ್ಯಾಪಾರಿಯೊಬ್ಬ ಆಸ್ಥಾನಕ್ಕೆ ಬಂದ. ಅವನ ಅತ್ತರು ಎರಡು ದಿನಕ್ಕೆ ಆರಿತು. ಬಾಯಿಂದ ಉದುರಿದ 'ಹಿಟ್' ಎಂಬ ಶಬ್ದ ಮಾತ್ರ ಉಳಿದುಕೊಂಡಿತು. ನಾಟಕಕ್ಕೆ ಜನ ಮುಗಿಬಿದ್ದರೆ ಹಿಟ್ಟಂತೆ. ಚೆಂಡು ಗಡಿ ದಾಟಿದರೂ ಹಿಟ್ಟಂತೆ. ಬೇಡದವರ ಹೆಸರು ಬರೆದಿಟ್ಟರೆ ಹಿಟ್ ಲಿಸ್ಟು. ರಥ ಯಾರಿಗಾದರೂ ಗುದ್ದಿ ನಿಲ್ಲದೆ ಹೋದರೆ ಅದಕ್ಕೊಂದು ಹಿಟ್ಟು. ಗೋಡೆಯ ಮೇಲಿನ ದೊರೆಯ ಚಿತ್ರವನ್ನು ಎಷ್ಟು ಜನ ನೋಡಿದರೋ ಅಷ್ಟು ಹಿಟ್ಸು. ಮಹಾರಾಜರು ಗುದ್ದುವ ಅರ್ಥವನ್ನು ಸಾರಥಿಗೆ ಬಿಟ್ಟು ಮಿಕ್ಕಿದ್ದನ್ನೆಲ್ಲ ತಮಗಿಟ್ಟುಕೊಂಡರು.

"ಮಂತ್ರಿಗಳೇ, ನಮ್ಮ ಆಡಳಿತ ಹಿಟ್ಟೋ ಅಲ್ಲವೋ?"

ಮಹಾಮಂತ್ರಿ ಸಮ್ಮತಿಸೇನ ಹುಟ್ಟಿದಾಗಲೂ ಅಳದೆ 'ಅಪ್ಪಣೆ' ಎಂದವನು. "ಮಹಾಪ್ರಭು, ಹೆಬ್ಬಾಗಿಲ ಗಂಟೆ ದಿನಕ್ಕೆ ನಲವತ್ತು ಸಲ ಹೊಡೆದುಕೊಳ್ಳುತ್ತಿದೆ. ತಮ್ಮನ್ನು ನೆನೆಯದೆ ಯಾರಾದರೂ ಅಷ್ಟು ದೂರ ನಡೆದು ಬರುತ್ತಾರೆಯೇ?"

"ಪ್ರಭು, ಅದು ದೂರಿನ ಗಂಟೆ..." ಎಂದ ತಿಪ್ಪರಸಯ್ಯ.

"ಶಾನುಭೋಗರೇ, ನೆಗೆಟಿವ್ ಮಾತಾಡಬೇಡಿ," ಎಂದ ಮಂತ್ರಿ.

ಮರುದಿನವೇ ಕಡತ ಸುಧಾರಣೆಯಾಯಿತು. ಹೆಸರು, ಕೇರಿ ಉಳಿದವು. ದೂರಿನ ಕಾಲಂ ತೆಗೆದು ಅಲ್ಲಿ 'ಹಿಟ್ ಸಂಖ್ಯೆ' ಎಂದು ಬರೆಸಲಾಯಿತು. ತಿಪ್ಪರಸಯ್ಯ ಕೆಟ್ಟವನಲ್ಲ, ಆದರೆ ಸಂಸಾರಸ್ಥ. ಗೀಟು ಎಳೆಯಲು ಕೂತ.

ಆ ವಾರವೇ ಕೆಳಕೇರಿಯ ಚಿಕ್ಕತಾಯಮ್ಮ ಬಂದಳು. ಅವಳು ಬುಟ್ಟಿ ಹೊತ್ತು ಕಡ್ಲೆಪುರಿ ಮಾರುವವಳು. ಗಂಟೆ ಹೊಡೆದು ಶಾನುಭೋಗನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಸ್ವಾಮೇರಾ, ಹಳ್ಳದ ಸೇತ್ವೆದು ಮೂರು ಹಲಗೆ ಮುರಿದೋಗವೆ. ನಾನಾದ್ರೆ ಹಾರ್ಕಂಡು ಬತ್ತೀನಿ. ನನ್ ಮಗಳು ದೇವೀರಿ ಬಸುರಿ, ಎರಡು ತಿಂಗಳಿಗೆ ದಿನ ತುಂಬ್ತವೆ. ಸೂಲಗಿತ್ತಿ ಇರೋದು ಈ ದಡದಲ್ಲಿ, ವಯಸ್ಸಾದೋಳು, ಹಾರಕ್ಕಾಗಕಿಲ್ಲ. ಅಷ್ಟರಲ್ಲಿ ಮೂರು ಹಲಗೆ ಹಾಕಿಸ್ಕೊಡಿ."

ತಿಪ್ಪರಸಯ್ಯ ಕಾಲಂ ಹುಡುಕಿದ. ಇರಲಿಲ್ಲ. "ಆಯ್ತು ತಾಯಿ, ಬರ್ಕೊಂಡಿದೀನಿ," ಎಂದು ಒಂದು ಗೀಟು ಎಳೆದ.

ಹಲಗೆ ಬರಲಿಲ್ಲ, ಚಿಕ್ಕತಾಯಮ್ಮ ಮತ್ತೆ ಬಂದಳು. ದಿನವೂ ಬಂದಳು. ಒಂದೇಟಿಗೆ ಕೇಳಿಸಲಿಲ್ಲವೇನೋ ಎಂದು ಐದೇಟು ಹೊಡೆದಳು. ಕೇರಿಯವರನ್ನೂ ಕರೆತಂದಳು. ಬೇರೆ ಕೇರಿಗಳವರೂ ಹಾಗೆಯೇ ಬಂದು ಹೊಡೆಯತೊಡಗಿದರು. ನಲವತ್ತಿದ್ದ ಹಿಟ್ಟು ನಾಲ್ಕು ಸಾವಿರಕ್ಕೆ ಏರಿತು. ಮಹಾರಾಜರು ಆ ಸದ್ದಿನಲ್ಲಿ ಸುಖವಾಗಿ ಊಟ ಮಾಡತೊಡಗಿದರು.

ಒಂದು ಸಂಜೆ ಮಾತ್ರ ಅವರ ಮುಖ ಬಾಡಿತು. "ಮೇಲ್ಕೇರಿಯಿಂದ ಇಂದು ಸೊನ್ನೆ! ಏನಾಯಿತು?"

"ಅಪಚಾರವಾಗಿದೆ, ಮಹಾಪ್ರಭು. ಯಾರೋ ಅವಿವೇಕಿ ಎಂಜಿನಿಯರು ಅವರ ಬಾವಿ ರಿಪೇರಿ ಮಾಡಿಬಿಟ್ಟಿದ್ದಾನೆ. ಅಂದಿನಿಂದ ಒಬ್ಬರೂ ತಮ್ಮನ್ನು ನೆನೆಯುತ್ತಿಲ್ಲ."

"ಕೃತಘ್ನರು!"

ಎಂಜಿನಿಯರಿಗೆ ಕಾರಣ ಕೇಳಿ ನೋಟಿಸು ಹೋಯಿತು. ರಾಜ್ಯದಲ್ಲಿ ಯಾರೂ ಏನನ್ನೂ ಸರಿಪಡಿಸಕೂಡದು, ಸರಿಪಡಿಸಿದರೆ ಅದನ್ನು ದೊರೆಯ ಜನಪ್ರಿಯತೆಯ ಮೇಲಿನ ಹಲ್ಲೆಯೆಂದು ಭಾವಿಸಲಾಗುವುದು ಎಂದು ಡಂಗುರ ಸಾರಿದರು. ಎಂಜಿನಿಯರುಗಳಿಗೆ ಇಷ್ಟು ಸುಲಭವಾಗಿ ಪಾಲಿಸಬಹುದಾದ ಆಜ್ಞೆ ಹಿಂದೆಂದೂ ಬಂದಿರಲಿಲ್ಲ.

ಒಟ್ಟು ಹಿಟ್ಟು ಒಂದು ಲಕ್ಷ ದಾಟಿದ ದಿನ ಮಹೋತ್ಸವ ಮಾಡಬೇಕೆಂದು ತೀರ್ಮಾನವಾಯಿತು. ಎಲ್ಲರಿಗಿಂತ ಹೆಚ್ಚು ಸಲ ಗಂಟೆ ಹೊಡೆದವರು ಯಾರೆಂದು ಕಡತ ತಿರುವಿದರೆ ಕೆಳಕೇರಿಯ ಚಿಕ್ಕತಾಯಮ್ಮ. ಅವಳಿಗೆ 'ಹಿಟ್ ರತ್ನ' ಬಿರುದು ಕೊಡುವುದೆಂದಾಯಿತು. ವೇದಿಕೆಗೆ ಒಣಗಿದ ಗಟ್ಟಿ ಹಲಗೆ ಬೇಕಾಗಿತ್ತು. ಮಂತ್ರಿ ಸುತ್ತ ನೋಡಿದ. ಕೆಳಕೇರಿಯ ಸೇತುವೆಯಲ್ಲಿ ಮುರಿಯದ ಹಲಗೆಗಳು ಇನ್ನೂ ಹದಿನೇಳಿದ್ದವು.

ಉತ್ಸವದ ಬೆಳಿಗ್ಗೆ ಆಳುಗಳು ಎದೆಮಟ್ಟದ ನೀರಿನಲ್ಲಿ ನಡೆದು ಚಿಕ್ಕತಾಯಮ್ಮನನ್ನು ಪಲ್ಲಕ್ಕಿಯಲ್ಲಿ ತಂದರು. ಮಗಳನ್ನು ನೆರೆಯ ಈರಕ್ಕನಿಗೆ ಒಪ್ಪಿಸಿ ಬಂದಿದ್ದಳು. ಇವತ್ತಾದರೂ ದೊರೆಯನ್ನು ಎದುರಿಗೆ ಕೇಳಬಹುದು ಎಂಬ ಆಸೆ ಅವಳದು. ವೇದಿಕೆ ಹತ್ತಿದವಳ ಕಾಲು ತಡೆಯಿತು. ಪುರಿ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುವಾಗ ದಿನವೂ ಮೆಟ್ಟಿದ ಹಲಗೆ, ಬೇರೆಯವರಿಗೆ ಗೊತ್ತಾಗದಿದ್ದರೂ ಅಂಗಾಲಿಗೆ ಗೊತ್ತಾಗುತ್ತದೆ.

"ಬುದ್ದೀ, ಇದು ನಮ್ ಸೇತ್ವೆ," ಎಂದಳು.

"ಕೇಳಿದಿರಾ?" ಮಹಾರಾಜರು ಗದ್ಗದಿತರಾದರು. "ನಮ್ಮ ವೇದಿಕೆಯನ್ನು ಸೇತುವೆ ಎನ್ನುತ್ತಿದ್ದಾಳೆ. ರಾಜನಿಗೂ ಪ್ರಜೆಗೂ ನಡುವಣ ಸೇತುವೆ! ಎಂಥ ಭಾವ!"

"ಕವಿಹೃದಯ, ಮಹಾಪ್ರಭು," ಎಂದ ಸಮ್ಮತಿಸೇನ.

"ಭಾವ ಅಲ್ಲ ಬುದ್ದೀ, ಹಲಗೆ! ನನ್ ಮಗಳು..."

ಅಷ್ಟರಲ್ಲಿ ಶಾಲು ಬಿತ್ತು, ಚಪ್ಪಾಳೆ ಬಿತ್ತು, ಮಾತು ಮುಚ್ಚಿಹೋಯಿತು. ಗುಂಪಿನ ಹಿಂದಿನಿಂದ ಒದ್ದೆ ಸೀರೆಯ ಈರಕ್ಕ ಕೂಗಿದಳು: "ತಾಯಮ್ಮೋ! ದೇವೀರಿಗೆ ನೋವು ಸುರುವಾಗೈತೆ, ಬಾರವ್ವಾ!"

ಚಿಕ್ಕತಾಯಮ್ಮ ಶಾಲಿನ ಸಮೇತ ವೇದಿಕೆಯಿಂದ ಹಾರಿದಳು. ಸೂಲಗಿತ್ತಿಯ ಮನೆಗೆ ಓಡಿ ಆ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಹಳ್ಳಕ್ಕಿಳಿದಳು. ನಡುಹಳ್ಳದಲ್ಲಿ ಎರಡು ಸಲ ಮುಗ್ಗರಿಸಿದಳು. ಗುಡಿಸಲು ಮುಟ್ಟುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಕೂಸಿನದು ಮಾತ್ರ. ದೇವೀರಿಯ ರಕ್ತ ನಿಲ್ಲಿಸಲು ಗೊತ್ತಿದ್ದ ಕೈ ಬರುವುದು ತಡವಾಗಿತ್ತು. ವಿಡಂಬನೆ ಬರೆಯುವವನು ಇಲ್ಲಿ ಏನಾದರೂ ಚಮತ್ಕಾರ ಮಾಡಬೇಕಂತೆ. ನನಗೆ ಮನಸ್ಸಿಲ್ಲ. ಮೂರು ಹಲಗೆಯ ಕೆಲಸವಾಗಿತ್ತು, ಅಷ್ಟೆ.

ಮೂರನೆಯ ದಿನ ಚಿಕ್ಕತಾಯಮ್ಮ ಹೆಬ್ಬಾಗಿಲಿಗೆ ಬಂದು ಕೊಡತಿ ಎತ್ತಿದಳು. ಏನನ್ನೂ ಕೇಳಲಿಲ್ಲ, ಹೊಡೆದಳು. ಹೊಡೆಯುತ್ತಲೇ ಇದ್ದಳು. ತಿಪ್ಪರಸಯ್ಯ ಗೀಟು ಎಳೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ತಲೆತಲಾಂತರದ ಗಂಟೆ ಕೊನೆಗೊಮ್ಮೆ ಕರ್ರ್ ಎಂದು ಬಿರಿದು ಸದ್ದು ಸತ್ತಿತು. ಆಗ ಕೊಡತಿ ಎಸೆದು, ಹೆಬ್ಬಾಗಿಲ ಕಲ್ಲುಕಂಬಕ್ಕೆ ಹಣೆ ಚಚ್ಚಿಕೊಂಡಳು.

ಉಪ್ಪರಿಗೆಯಲ್ಲಿ ಮಹಾರಾಜರು ಗಾಬರಿಯಾದರು. "ಗಂಟೆಯೇ ಹೋಯಿತಲ್ಲ! ಇನ್ನು ನಮ್ಮ ಹಿಟ್ಟಿನ ಗತಿ?"

ಸಮ್ಮತಿಸೇನ ಕೆಳಗೆ ಬಗ್ಗಿ ನೋಡಿದ. ಒಂದು, ಎರಡು, ಮೂರು ಎಂದು ಎಣಿಸಿದ. ಅವನ ಮುಖ ಅರಳಿತು. "ಮಹಾಪ್ರಭು, ಗಂಟೆ ಯಾಕೆ ಬೇಕು? ಹಣೆ ಪ್ರತಿಯೊಬ್ಬರಿಗೂ ಇದೆ. ಕಂಚು ಬೇಡ, ಕೊಡತಿ ಬೇಡ, ಮೇಂಟೆನೆನ್ಸ್ ಇಲ್ಲ. ಮನೆಯಲ್ಲೇ ಕೂತು ಹೊಡೆದುಕೊಳ್ಳಬಹುದು."

ಮಹಾರಾಜರು ಅವನನ್ನು ಅಪ್ಪಿಕೊಂಡರು. ಅಂದಿನಿಂದ ಪ್ರತಿ ಪ್ರಜೆಯೂ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳತಕ್ಕದ್ದು, ಕೇರಿಗೊಬ್ಬ ಗುಮಾಸ್ತ ಎಣಿಸತಕ್ಕದ್ದು, ಹಣೆಯಲ್ಲಿ ಗುಬುಟು ಕಾಣದವರಿಗೆ ಪಡಿತರವಿಲ್ಲ ಎಂದು ರಾಜಾಜ್ಞೆಯಾಯಿತು. ಪರದೇಶದ ರಾಯಭಾರಿಗಳು ಬಂದು, ಇವರೆಲ್ಲರ ಹಣೆಯ ಮೇಲೆ ಇದೇನು ಎಂದು ಕೇಳಿದರೆ, ರಾಜನಿಷ್ಠೆಯ ತಿಲಕ ಎಂದು ಉತ್ತರ. ಅದೇ ಹದಿನೇಳು ಹಲಗೆಯ ವೇದಿಕೆಯ ಮೇಲೆ ಜಯಘೋಷವರ್ಮರಿಗೆ ಎರಡನೆಯ ಸಲ ಪಟ್ಟಾಭಿಷೇಕವಾಯಿತು.

ಚಿಕ್ಕತಾಯಮ್ಮ ಈಗಲೂ ಪುರಿ ಮಾರುತ್ತಾಳೆ. ಒಂದು ಕೈಯಲ್ಲಿ ತಲೆಯ ಮೇಲಿನ ಬುಟ್ಟಿ ಹಿಡಿದು, ಆ ಶಾಲಿನಲ್ಲಿ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ದಿನವೂ ಹಳ್ಳಕ್ಕಿಳಿಯುತ್ತಾಳೆ. ಕೆಳಕೇರಿಯ ಗುಮಾಸ್ತ ದಡದಲ್ಲಿ ಕಾಯುತ್ತಿರುತ್ತಾನೆ. ಕೂಸಿನ ಹಣೆ ಇನ್ನೂ ನುಣ್ಣಗಿದೆ. ಅದಕ್ಕೆ ಐದು ವರ್ಷ ತುಂಬುವವರೆಗೆ ರಿಯಾಯಿತಿ ಇದೆ.