ಮೊದಲ ಸಾಲಿನಲ್ಲಿ ಮಾವ

ಓದಿದವರ ಮನೆಯಲ್ಲಿ ಹುಟ್ಟಿದವರಿಗೆ ಪರೀಕ್ಷೆಯೆಂದರೆ ಖಾಸಗಿ ವಿಷಯ. ಹೋಗುತ್ತಾರೆ, ಬರೆಯುತ್ತಾರೆ, ಬರುತ್ತಾರೆ. ಪಾಸಾದರೆ ಪೇಢೆ, ಇಲ್ಲದಿದ್ದರೆ ಮೌನ. ನಮ್ಮಂಥವರ ಮನೆಯಲ್ಲಿ ಹಾಗಲ್ಲ. ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಟ ದಿನ ಬಬಲೇಶ್ವರದ ನಮ್ಮ ಓಣಿಯ ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನಿಂತಿದ್ದರು, ಗಡಿಗೆ ಹೊರಟ ಸಿಪಾಯಿಯನ್ನು ಕಳಿಸಿಕೊಡುವ ಹಾಗೆ. ಒಬ್ಬಾಕೆ ಕಣ್ಣನ್ನೂ ಒರೆಸಿಕೊಂಡಳು. ನಮ್ಮ ಮನೆತನದಲ್ಲಿ ಕಾಲೇಜಿನ ಕಟ್ಟೆ ಹತ್ತಿದ ಮೊದಲಿಗಳು ನಾನು. ಇದನ್ನು ವಿನಯದಿಂದ ಹೇಳುತ್ತಿಲ್ಲ. ವಿನಯವೆಂಬುದು ಮೂರು ತಲೆಮಾರು ಓದಿದವರಿಗೆ ಒಪ್ಪುತ್ತದೆ. ಬಸ್ಸಿನ ಸರಳು ಹಿಡಿದು ನಿಂತುಕೊಂಡೇ ಬಬಲೇಶ್ವರದಿಂದ ವಿಜಯಪುರಕ್ಕೆ ಓಡಾಡಿ ಬಿ.ಕಾಂ. ಮುಗಿಸಿದವರಿಗೆ ಸ್ವಲ್ಪ ಜಂಬ ಇರಲೇಬೇಕು. ಇಲ್ಲದಿದ್ದರೆ ನಿಂತ ಕಾಲುಗಳಿಗೆ ಅವಮಾನ.

ಈ ಜಂಬವೇ ನನ್ನನ್ನು ಒಂದು ದಿನ ಇಕ್ಕಟ್ಟಿಗೆ ಸಿಕ್ಕಿಸಿತು. ಸ್ಟೇಷನ್ ರಸ್ತೆಯ ಹಿಂಬದಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತ, ಉಳಿದ ಹೊತ್ತಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ವಿಷಯದ ಹೆಸರು ನಮ್ಮ ಮನೆಯ ಅಂಗಳಕ್ಕಿಂತ ಉದ್ದವಾಗಿತ್ತು: ಏಷ್ಯಾದ ಆರ್ಥಿಕತೆಗಳಲ್ಲಿ ಕೌಟುಂಬಿಕ ಉದ್ಯಮಗಳ ನಿರ್ಣಯ ಪ್ರಕ್ರಿಯೆ, ವಿಜಯಪುರ ಭಾಗದ ಒಣದ್ರಾಕ್ಷಿ ಉದ್ಯಮದ ವಿಶೇಷ ಅಧ್ಯಯನದೊಂದಿಗೆ. ಅವ್ವ ಇದನ್ನು ತನಗೆ ಬೇಕಾದಷ್ಟು ಮಾತ್ರ ಉಳಿಸಿಕೊಂಡು, ಕೇಳಿದವರಿಗೆಲ್ಲ "ಜಪಾನದಾಗ, ಕೊರಿಯಾದಾಗ, ಮತ್ತ ನಮ್ಮ ಟಿಕೋಟಾದಾಗ ಧಂದೆ ಹೆಂಗ ಮಾಡ್ತಾರ ಅಂತ ಬರಿಯಾಕತ್ತಾಳ" ಎಂದು ಹೇಳುತ್ತಿದ್ದಳು. ನಾನು ಎಷ್ಟು ಸಲ ತಿದ್ದಿದರೂ ವಿಜಯಪುರದ ಹತ್ತಿರದ ಟಿಕೋಟಾ ಒಂದು ದೇಶವಾಗಿಯೇ ಉಳಿಯಿತು.

ಕೊನೆಗೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ "ಇದು ಬಹಿರಂಗ ಪರೀಕ್ಷೆ, ಆಸಕ್ತರು ಹಾಜರಾಗಿ ಪ್ರಶ್ನೆ ಕೇಳಬಹುದು" ಎಂದಿತ್ತು. ಎಲ್ಲ ಸುತ್ತೋಲೆಗಳಲ್ಲೂ ಹಾಗೆಯೇ ಇರುತ್ತದೆ, ಯಾರೂ ಬರುವುದಿಲ್ಲ. ಬಂದರೆ ಮುಂದಿನ ವರ್ಷ ತಮ್ಮದೂ ಇದೆ ಎಂದು ಹೆದರಿದ ಒಂದಿಬ್ಬರು ವಿದ್ಯಾರ್ಥಿಗಳು ಬಂದು ಹಿಂದೆ ಕೂತು ಬೆವರುತ್ತಾರೆ. ನಾನು ಜಂಬದಲ್ಲಿ ಅದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಅಂದ್ರ ಎಲ್ಲಾರೂ ಬರಬೌದು?" "ಬರಬಹುದು ಬೇ." ಅಷ್ಟೇ ಆಗಿದ್ದು. ನಮ್ಮಲ್ಲಿ ಕರೆದರೆ ಬರದಿರುವುದು ಬೈಗುಳಕ್ಕೆ ಸಮ, ಬರಿಗೈಯಲ್ಲಿ ಬರುವುದು ಅದಕ್ಕಿಂತ ಕಡೆ. ಪರೀಕ್ಷೆಯ ಬೆಳಿಗ್ಗೆ ವಿಭಾಗದ ಮುಂದೆ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಅದರೊಳಗಿಂದ ಜೈನಾಪುರದ ಕಾಕಿ, ಬಬಲೇಶ್ವರದ ಓಣಿಯವರು, ರೊಟ್ಟಿಯ ಗಂಟು, ಶೇಂಗಾ ಹೋಳಿಗೆಯ ಡಬ್ಬಿ, ನನ್ನ ಉಡಿ ತುಂಬಲು ತಂದ ತೆಂಗಿನಕಾಯಿ ಎಲ್ಲ ಇಳಿದವು. ಕೊನೆಗೆ, ತಲೆಗೆ ಗರಿಗರಿ ಪಟಕ ಸುತ್ತಿಕೊಂಡು, ಅವ್ವನ ಅಣ್ಣ ಟಿಕೋಟಾದ ಮಲ್ಲಪ್ಪ ಮಾವ ಇಳಿದ. ಅವನ ಹಿಂದೆ ಸೆರಗು ಹೊದ್ದು ಅವನ ಹೆಂಡತಿ, ಗಂಗವ್ವ ಅತ್ತೆ. ನಾನು ಕೈಯಲ್ಲಿದ್ದ ಪ್ರಬಂಧವನ್ನು ಬೆನ್ನ ಹಿಂದೆ ಸರಿಸಿಕೊಂಡೆ.

ಯಾಕೆಂದು ಹೇಳಬೇಕಾದರೆ ಮಾವನ ದ್ರಾಕ್ಷಿ ಶೆಡ್ಡಿಗೆ ಹೋಗಿಬರಬೇಕು. ಟಿಕೋಟಾದ ಸುತ್ತ ದ್ರಾಕ್ಷಿ ಒಣಗಿಸುವವರು ಬೇಕಾದಷ್ಟು ಜನ. ಬೆಳೆಯುವುದು, ಒಣಗಿಸುವುದು ಎಲ್ಲರಿಗೂ ಬರುತ್ತದೆ. ಯಾವಾಗ ಮಾರಬೇಕು, ಯಾವಾಗ ತಡೆಯಬೇಕು ಎಂಬುದೇ ವಿದ್ಯೆ. ಆ ವಿದ್ಯೆಯಲ್ಲಿ ಮಾವ ಹೆಸರು ಮಾಡಿದವನು. "ಮಲ್ಲಪ್ಪ ಮಾರಿದನೇನು?" ಎಂದು ಕೇಳಿಕೊಂಡು ಮಾರುವವರು ಬಬಲೇಶ್ವರದ ತನಕ ಇದ್ದರು. ಅವನ ಸ್ನೇಹಿತ ಗುರುಸಿದ್ದಪ್ಪನಂತೂ ಮಾವ ಸೀನಿದರೂ ಅದು ಏರುವ ಸೀನೋ ಇಳಿಯುವ ಸೀನೋ ಎಂದು ಲೆಕ್ಕ ಹಾಕುತ್ತಿದ್ದ. ನಾನು ಓದು ಬಿಡುವ ಪ್ರಸಂಗ ಬಂದಾಗ ಅಪ್ಪನ ಎದುರು ನಿಂತು "ಹುಡುಗಿ ಓದಲಿ, ನಾ ಹೇಳಾಕತ್ತೇನಿ" ಎಂದವನೂ ಮಾವನೇ. ಮಲ್ಲಪ್ಪ ಹೇಳಿದನೆಂದರೆ ಅಪ್ಪನೂ ಬಾಯಿ ಮುಚ್ಚಿದ. ಆ ಮಾತಿನ ತೂಕ ಅಂಥದು.

ಸಂಶೋಧನೆಗೆಂದು ನಾನು ಅವನ ಮನೆಗೆ ಹೋದೆ. ನನಗಿಂತ ಮೊದಲು ಇಂಥ ಮನೆಗಳಿಗೆ ಹೋದ ಗಂಡು ಸಂಶೋಧಕರು ಪಡಸಾಲೆಯ ಕುರ್ಚಿಯಲ್ಲಿ ಕೂತು ಯಜಮಾನನನ್ನು ಪ್ರಶ್ನೆ ಕೇಳಿ, "ನಿರ್ಣಯ ಕುಟುಂಬದ ಮುಖ್ಯಸ್ಥನದು" ಎಂದು ಬರೆದುಕೊಂಡು ಹೋಗಿದ್ದರು. ಏಷ್ಯಾದ ಉದ್ದಗಲಕ್ಕೂ ಪುಸ್ತಕಗಳಲ್ಲಿ ಅದೇ ಇತ್ತು. ನಾನು ಮನೆಯ ಹುಡುಗಿ, ನನಗೆ ಕುರ್ಚಿ ಯಾರು ಹಾಕುತ್ತಾರೆ? ಸೀದಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಹೊರಗೆ ವ್ಯಾಪಾರಿ ಬಂದ, ಮಾಲು ನೋಡಿದ, ದರ ಹೇಳಿದ. ಮಾವ ಮೀಸೆ ನೀವಿಕೊಂಡು "ಲೇ, ಚಹಾ ತಾ" ಎಂದು ಕೂಗಿದ. ಗಂಗವ್ವ ಅತ್ತೆ ಒಳಗಿನಿಂದ ತಣ್ಣಗೆ ಹೇಳಿದಳು, "ಹಾಲ ಒಡದೈತ್ರಿ." ಮರುಗಳಿಗೆಯೇ ಮಾವನ ದನಿ ಕೇಳಿತು, "ಈ ದರಕ್ಕ ಆಗೂದಿಲ್ರಿ, ತಡದು ನೋಡೂನು." ನನ್ನ ಎದುರಿಗೇ ಇದ್ದ ಪಾತ್ರೆಯಲ್ಲಿ ಹಾಲು ಕೆನೆಗಟ್ಟಿ ತಣ್ಣಗೆ ಕೂತಿತ್ತು. ನಾನು ಪಾತ್ರೆಯನ್ನೂ ಅತ್ತೆಯನ್ನೂ ನೋಡಿದೆ. ಅತ್ತೆ ಅಂದಳು, "ಹಾಲಿಗೇನಾಗೇತಿ ಧಾಡಿ. ಆ ಮನಷ್ಯಾ ಹೇಳಿದ ದರಕ್ಕ ಚಹಾ ಬ್ಯಾರೆ ಕುಡಸಬೇಕೇನ?"

ಆಮೇಲೆ ಹೋದಾಗಲೆಲ್ಲ ಗಮನಿಸಿದೆ. ಒಣದ್ರಾಕ್ಷಿ ಆರಿಸಲು ಶೆಡ್ಡಿನಿಂದ ಶೆಡ್ಡಿಗೆ ಹೋಗುವ ಹೆಂಗಸರು ಯಾರ ಮಾಲು ಕಪ್ಪಾಗಿದೆ, ಯಾರು ತಡೆದು ಕೂತಿದ್ದಾರೆ ಎಂಬ ಸುದ್ದಿಯನ್ನೆಲ್ಲ ಅತ್ತೆಯ ಒಲೆಯ ಮುಂದೆ ತಂದು ಸುರಿಯುತ್ತಿದ್ದರು. ಚಹಾ ಬಂತೆಂದರೆ ಮಾರಾಟ, ಹಾಲು ಒಡೆಯಿತೆಂದರೆ ಇಲ್ಲ. ಗಂಡ ಹೆಂಡತಿ ಈ ವಿಷಯ ಒಂದು ದಿನವೂ ಕೂತು ಮಾತಾಡಿದವರಲ್ಲ. ಮಾವನಿಗೆ ಅದು ತನ್ನದೇ ಬುದ್ಧಿ ಎಂದು ನಂಬಿಕೆಯಿತ್ತೋ, ಇಲ್ಲವೋ, ದೇವರೇ ಬಲ್ಲ. ನಾನು ಇದನ್ನು "ಉದ್ಯಮ ಸಿ" ಎಂಬ ಮರೆಹೆಸರಿನಲ್ಲಿ ಇಡೀ ಒಂದು ಅಧ್ಯಾಯ ಮಾಡಿ ಬರೆದೆ. ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಟಿಕೋಟಾಕ್ಕೂ ನನ್ನ ಪ್ರಬಂಧಕ್ಕೂ ನಡುವೆ ಸಮುದ್ರವಿದೆ ಎಂದು ನಿಶ್ಚಿಂತಳಾಗಿದ್ದೆ. ಈಗ ಸಮುದ್ರ ದಾಟಿ ಪಟಕ ಬಂದಿತ್ತು.

ಮಾವ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಗುರುಸಿದ್ದಪ್ಪ. ಹೆಂಗಸರು ಹಿಂದೆ. ನನ್ನ ಮಾರ್ಗದರ್ಶಕರು ಗುಂಪನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನಮ್ಮಾ ಇದು, ನಿಶ್ಚಿತಾರ್ಥ ಏನರ ಐತೇನು?" ಎಂದು ಪಿಸುಗುಟ್ಟಿದರು. ಹೊರಗಿನಿಂದ ಬಂದ ಪರೀಕ್ಷಕರು ಮೈಸೂರಿನ ಕಡೆಯವರು, ತೆಳ್ಳಗಿನ ಹಿರಿಯರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಜಪಾನ್ ಮುಗಿಯಿತು, ಕೊರಿಯಾ ಮುಗಿಯಿತು. ನಮ್ಮವರು ಮುಖ ಗಂಭೀರ ಮಾಡಿಕೊಂಡು, ಪೂಜೆಯ ಮಂತ್ರ ಕೇಳುವವರ ಹಾಗೆ ಕೇಳುತ್ತಿದ್ದರು. ಇನ್ನೇನು ದಾಟಿದೆ ಅನ್ನುವಷ್ಟರಲ್ಲಿ ಪರೀಕ್ಷಕರು ಕೈ ಎತ್ತಿದರು.

"ಒಂದ್ ನಿಮಿಷ ಅಮ್ಮ. ಪಾಪ, ಇಷ್ಟು ಜನ ಹಳ್ಳಿಯಿಂದ ಬಂದಿದಾರೆ. ಇವರ ಉದ್ಯಮದ ಮೇಲೇ ಅಲ್ವಾ ಕೆಲಸ ಮಾಡಿರೋದು? ಇವರಿಗೂ ಅರ್ಥ ಆಗ್ಲಿ. ಕನ್ನಡದಲ್ಲೇ ಹೇಳಿ."

ಅಂಥ ಸಜ್ಜನರಾದ ಆ ಹಿರಿಯರನ್ನು ಆ ಹೊತ್ತಿನಲ್ಲಿ ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ಮಾವ ಮೀಸೆ ನೀವಿಕೊಂಡು ನೆಟ್ಟಗೆ ಕೂತ. ನಾನು ಗ್ರಂಥದ ಕನ್ನಡದ ಮೊರೆಹೊಕ್ಕೆ. "ಉದ್ಯಮ ಸಿಯಲ್ಲಿ ಔಪಚಾರಿಕ ಅಧಿಕಾರ ಹಾಗೂ ಅನೌಪಚಾರಿಕ ನಿರ್ಣಯಾಧಿಕಾರಗಳ ನಡುವೆ ವ್ಯತ್ಯಯ ಕಂಡುಬರುತ್ತದೆ" ಎಂದೆ. ಇದು ಇಂಗ್ಲಿಷಿಗಿಂತ ಭದ್ರವಾಗಿತ್ತು, ಯಾರಿಗೂ ತಿಳಿಯಲಿಲ್ಲ. ಆದರೆ ಪರೀಕ್ಷಕರು ಬಿಡಲಿಲ್ಲ. "ಬಿಡಿಸಿ ಹೇಳಿ. ಇಲ್ಲಿವರೆಗಿನ ಅಧ್ಯಯನಗಳೆಲ್ಲ ಮುಖ್ಯಸ್ಥನೇ ತೀರ್ಮಾನ ತಗೊಳ್ತಾನೆ ಅಂತ ಹೇಳ್ತವೆ. ನೀವೊಬ್ರೇ ಅಲ್ಲ ಅಂತೀರಿ. ನಿಮ್ಮ ಪ್ರಬಂಧ ನಿಂತಿರೋದೇ ಇದರ ಮೇಲೆ. ಆಧಾರ ಏನು? ಕಣ್ಣಾರೆ ಕಂಡದ್ದು ಒಂದಾದ್ರೂ ಹೇಳಿ."

ಹೇಳದಿದ್ದರೆ ವರ್ಷಗಟ್ಟಲೆಯ ಕೆಲಸ ಆಧಾರವಿಲ್ಲದೆ ಬೀಳುತ್ತದೆ. ಹೇಳಿದರೆ ಟಿಕೋಟಾದಿಂದ ಬಬಲೇಶ್ವರದ ತನಕ ನಂಬಿದ ಆ ಮಾತಿನ ತೂಕ, ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದ ತೂಕ, ಗುರುಸಿದ್ದಪ್ಪನ ಕಣ್ಣೆದುರೇ ಬೀಳುತ್ತದೆ. ಟೇಬಲ್ಲಿನ ಮೇಲಿದ್ದ ನೀರು ಕುಡಿದೆ. ಅದು ಪರೀಕ್ಷಕರ ನೀರಾಗಿತ್ತು. ಹಿಂದಿನ ಸಾಲಿನಿಂದ ಅವ್ವ, ನಾನು ಉತ್ತರ ಮರೆತಿದ್ದೇನೆಂದು ತಿಳಿದು, "ಹೇಳ ಬೇ, ಮನ್ಯಾಗ ಚಲೋ ಹೇಳ್ತಿದ್ದೆಲ್ಲಾ!" ಎಂದು ಧೈರ್ಯ ತುಂಬಿದಳು. ಹೇಳಿದೆ. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ. ಒಂದು ಮನೆ, ಒಬ್ಬ ಯಜಮಾನ, ಒಬ್ಬಾಕೆ, ಒಂದು ಪಾತ್ರೆ ಕೆನೆಗಟ್ಟಿದ ಹಾಲು. ಹೇಳುವಾಗ ಗೋಡೆಯ ಗಡಿಯಾರವನ್ನೇ ನೋಡಿದೆ.

ಮಾವ ಎದ್ದು ನಿಂತ. "ನನ್ನದೊಂದು ಪ್ರಶ್ನೆ ಐತ್ರಿ ಸಾಹೇಬ್ರ."

"ಕೇಳಿ, ಕೇಳಿ" ಎಂದರು ಪರೀಕ್ಷಕರು ಉತ್ಸಾಹದಿಂದ. ಬಹಿರಂಗ ಪರೀಕ್ಷೆಯಲ್ಲಿ ನಿಜವಾಗಿ ಪ್ರಶ್ನೆ ಕೇಳಿದವರನ್ನು ಅವರೂ ಮೊದಲ ಸಲ ನೋಡುತ್ತಿದ್ದರೆಂದು ಕಾಣುತ್ತದೆ.

ಮಾವ ನನ್ನ ಕಡೆ ತಿರುಗಿದ. "ಆ ಮನಿ ಯಾವ ಊರಾಗ ಐತವ್ವಾ?"

"ಹೇಳಬಾರದು ಮಾವಾ. ಸಂಶೋಧನೆಯ ನಿಯಮ."

"ಹಾಂ, ಹೇಳಬ್ಯಾಡ, ಹೇಳಬ್ಯಾಡ" ಎಂದ ಮಾವ. "ಹೇಳಿದ್ರ ಆ ಬಡಪಾಯಿ ಊರಾಗ ಹೆಂಗ ತಿರಗಬೇಕು? ಹಿಂಗೂ ಗಂಡಸರ ಇರ್ತಾರಂದ್ರ..." ಎಂದು ಕೂತುಬಿಟ್ಟ. ಸಭೆಯಲ್ಲಿ ನಗು ಎದ್ದಿತು. ಗುರುಸಿದ್ದಪ್ಪ ಮಾತ್ರ ನಗಲಿಲ್ಲ. ಅವನ ಮುಖ ಬೆವರಿ ಕೆಂಪಾಗಿತ್ತು. ಮಾವನ ಕಿವಿಯ ಹತ್ತಿರ ಬಾಗಿ, ಇಡೀ ಕೋಣೆಗೆ ಕೇಳುವ ಗುಟ್ಟಿನ ದನಿಯಲ್ಲಿ "ಯಪ್ಪಾ, ನಮ್ಮ ಮನ್ಯಾಗಿಂದು ಇಕಿಗೆ ಯಾರ ಹೇಳಿದ್ರೋ?" ಎಂದ. ನನ್ನ ಮಾರ್ಗದರ್ಶಕರು ಅದೇಕೋ ಕೆಮ್ಮತೊಡಗಿದರು. ಪರೀಕ್ಷಕರು ನಗುತ್ತ, "ಆಧಾರ ಸಾಕು ಅಂತ ಕಾಣ್ಸತ್ತೆ" ಎಂದು ಸಹಿ ಮಾಡಿದರು.

ಹೊರಗೆ ಬೇವಿನ ಗಿಡದ ಕೆಳಗೆ ಶೇಂಗಾ ಹೋಳಿಗೆ ಹಂಚುವಾಗ ಪರೀಕ್ಷಕರಿಗೂ ಎರಡು ಸಿಕ್ಕವು. ಅವ್ವ ಅಳುತ್ತ ನಗುತ್ತ ಎಲ್ಲರಿಗೂ ಬಡಿಸಿದಳು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು "ಮನಿತನದ ಹೆಸರ ಉಳಿಸಿದಿ" ಎಂದ. ಎರಡರ್ಥದಲ್ಲಿ ಹೇಳಿದನೋ ಒಂದರ್ಥದಲ್ಲೋ ಎಂದು ಅವನ ಮುಖದಲ್ಲಿ ಹುಡುಕಿದೆ; ಮೀಸೆ ದೊಡ್ಡದು, ಏನೂ ಕಾಣಲಿಲ್ಲ. ಗಂಗವ್ವ ಅತ್ತೆ ನನ್ನ ಉಡಿ ತುಂಬುತ್ತ, ಅಕ್ಕಿಯ ಮೇಲೆ ತೆಂಗಿನಕಾಯಿ ಇಟ್ಟು, ತಲೆಯೆತ್ತದೆ ಹೇಳಿದಳು, "ಭಾಳ ಚಲೋ ಹೇಳಿದಿ ಬಿಡವಾ. ಹಾಲಿನ ಕೆನಿನೂ ಬಿಡಲಿಲ್ಲ." ಅಷ್ಟೇ.

ಮುಂದಿನ ಸುಗ್ಗಿಗೆ ಇನ್ನೊಂದು ಲೇಖನಕ್ಕೆಂದು ಟಿಕೋಟಾಕ್ಕೆ ಹೋದೆ. ಹೆಸರಿನ ಮುಂದೆ ಡಾಕ್ಟರ್ ಸೇರಿಕೊಂಡಿತ್ತು. ಒಳಗೆ ಹೆಜ್ಜೆ ಇಡುವಾಗ ಅದು ನನಗಿಂತ ಮೊದಲೇ ಹೊಸ್ತಿಲು ದಾಟಿತು. ಅಭ್ಯಾಸದಂತೆ ಅಡುಗೆಮನೆಯ ಕಡೆ ನಡೆದೆ. ಅತ್ತೆ ಬಾಗಿಲಿಗೇ ಬಂದು ನಿಂತಳು. "ಅಯ್ಯ, ಡಾಕ್ಟರ್ ಆದಾಕಿ ಒಲಿ ಮುಂದ ಹೊಗಿ ಕುಡಕೊಂತ ಕುಂದರಬಾರದ. ಮಂದಿ ಏನಂದಾರು? ಪಡಸಾಲ್ಯಾಗ ಕುರ್ಚಿ ಹಾಕಸೇನಿ, ಹೋಗು." ಬೆಳ್ಳುಳ್ಳಿ ಸುಲಿಯುತ್ತೇನೆ ಎಂದೆ. ಸುಲಿದಾಗಿದೆ ಎಂದಳು. ಕುರ್ಚಿಯ ಮೇಲೆ ಕಸೂತಿ ಹಾಕಿದ ದಿಂಬು ಕೂಡ ಇತ್ತು. ಅಷ್ಟು ಮರ್ಯಾದೆ ಆ ಮನೆಯಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ, ಅಷ್ಟು ದೂರವೂ.

ವ್ಯಾಪಾರಿ ಬಂದ, ಮಾಲು ನೋಡಿದ, ದರ ಹೇಳಿದ. ಮಾವ ಚಹಾ ಕೂಗಿದ. ಒಳಗಿನಿಂದ ಯಾವ ಮಾತೂ ಬರಲಿಲ್ಲ. ಚಹಾ ಬಂತು, ಏಲಕ್ಕಿ ಹಾಕಿದ ಬಿಸಿ ಚಹಾ. ಸರಿ, ಮಾರಿದ ಎಂದುಕೊಂಡು ನಾನು ಪೆನ್ನು ತೆಗೆದೆ. ಮಾವ ಕಪ್ಪಿನಿಂದ ಬಸಿಗೆ ಸುರಿದುಕೊಂಡು ನಿಧಾನವಾಗಿ ಕುಡಿದು, ಬಸಿ ಕೆಳಗಿಟ್ಟು, "ಈ ದರಕ್ಕ ಕೊಡೂದಿಲ್ರಿ" ಎಂದ. ನಾನು ಬೆಚ್ಚಿ ಕಪ್ಪನ್ನು ನೋಡಿದೆ, ಬಸಿಯನ್ನು ತಿರುಗಿಸಿ ನೋಡಿದೆ, ಏಲಕ್ಕಿಯ ವಾಸನೆ ತೆಗೆದುಕೊಂಡೆ, ಒಳಗೆ ಪಾತ್ರೆಯ ಸದ್ದೇನಾದರೂ ಆಗಿತ್ತೇ ಎಂದು ನೆನಪಿಸಿಕೊಂಡೆ. ಏನೂ ಹೊಳೆಯಲಿಲ್ಲ.

"ಏನ್ ಹುಡಕಾಕತ್ತಿ ಬೇ, ಸಕ್ಕರಿ ಕಡಿಮಿ ಆಗೇತೇನ?" ಎಂದ ಮಾವ.

"ಇಲ್ಲ ಮಾವಾ. ಯಾಕ ಕೊಡಲಿಲ್ಲ ಈಗ?"

"ಮನಸಿಗೆ ಬರಲಿಲ್ಲ, ಕೊಡಲಿಲ್ಲ. ಈ ಮನ್ಯಾಗ ನಾ ಹೇಳಿದ್ದ ಮಾತಲ್ಲೇನ?" ಎಂದು ಮೀಸೆ ನೀವಿಕೊಂಡ.

ನಿರ್ಣಯ ಕುಟುಂಬದ ಮುಖ್ಯಸ್ಥನದು ಎಂದು ಬರೆದುಕೊಂಡೆ. ಬೇರೆ ಆಧಾರ ನನ್ನ ಹತ್ತಿರ ಇರಲಿಲ್ಲ.