ನಿಮ್ಮ ಮುಂದೆ ಒಬ್ಬರಿದ್ದಾರೆ

ಶ್ರೀಕರನ ದವಡೆಹಲ್ಲು ಬೆಳಗಿನಿಂದ ಸಿಡಿಯುತ್ತಿತ್ತು. ಕೆನ್ನೆ, ಬೆಲ್ಲದಚ್ಚು ಬಚ್ಚಿಟ್ಟುಕೊಂಡಂತೆ ಊದಿತ್ತು. ಮಂಡ್ಯದ ಹಲ್ಲಿನ ಆಸ್ಪತ್ರೆಗೆ ಟೋಕನ್ ಆಪ್ ಮಾಡಿಕೊಟ್ಟವನೇ ಅವನು; ಸಂಜೆಗೆ ತನಗೂ ಇಪ್ಪತ್ತನೇ ಟೋಕನ್ ತೆಗೆದಿಟ್ಟಿದ್ದ. ಅಷ್ಟರಲ್ಲಿ ದುದ್ದದ ಕೆಂಪಯ್ಯ ಕೋಲು ತಟ್ಟುತ್ತಾ ಆಫೀಸಿಗೆ ಬಂದರು. ಅವರಿಗೆ ಕಣ್ಣು ಕಾಣದು. ಬೆರಳಿಟ್ಟಲ್ಲಿ ಇರುವುದನ್ನು ಫೋನೇ ಓದಿ ಹೇಳುತ್ತದೆ.

“ಮುಟ್ಟುದ್ರೆ ಓದ್ತದೆ ಕಣ್ಲಾ, ನಂಬರು ಬದ್ಲಾದ್ರೆ ಮಾತ್ರ ಬಾಯೇ ಬುಡಾಕಿಲ್ಲ. ನೆನ್ನೆ ನನ್ ಸರದಿ ಓಗಿದ್ದು ಆಸ್ಪತ್ರೆಗೆ ಬೀಗ ಆಕೋವಾಗ ಗೊತ್ತಾಯ್ತು.”

ಸರದಿ ತಪ್ಪಿದವರಿಗೆ ನಾಳೆಯೇ ಗತಿ ಎಂಬ ನಿಯಮ ಬರೆದವನೂ ಶ್ರೀಕರನೇ. ಆಫೀಸಿನ ಮಾಲೀಕ ಸಂಪತ್ ಕುಮಾರ ತೀರ್ಪು ಕೊಟ್ಟರು: ಇವತ್ತು ಕೆಂಪಯ್ಯನವರದು ಇಪ್ಪತ್ತೊಂದನೇ ಟೋಕನ್; ಅವರು ಸರಿಯಾಯ್ತು ಅನ್ನದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ.

ಶ್ರೀಕರ ಪರದೆಯಲ್ಲಿ ಬದಲಾದದ್ದನ್ನೆಲ್ಲ ಹೇಳುವಂತೆ ಮಾಡಿದ. ಆಪು ಸೆಕೆಂಡಿಗೊಮ್ಮೆ ಕಾಯುವ ಹೊತ್ತನ್ನು ಕೂಗತೊಡಗಿತು, ಮದ್ದೂರಿನಲ್ಲಿ ರೈಲು ನಿಂತಾಗಿನ ವಡೆಯವರಂತೆ. ಪಕ್ಕದ ಮೇಜಿನ ತನ್ಮಯಿ, ಫೋನಿನ ಬೇರೆ ಮಾತು ಮುಗಿದ ಮೇಲೆ ಹೇಳಿಸು ಎಂದಳು. ಹಾಗೇ ಮಾಡಿದ. ಫೋನು ಕೆಂಪಯ್ಯನವರಿಗೆ ಸುದ್ದಿ ಓದುತ್ತಿತ್ತು. ಟೋಕನ್ನು ಹೊಸ ಅಳಿಯನಂತೆ ಬಾಯಿಮುಚ್ಚಿ ಕಾದು ನಿಂತಿತು. ಸುದ್ದಿ ಮುಗಿಯಲೇ ಇಲ್ಲ.

“ಮರ್ವಾದೆ ಜಾಸ್ತಿ ಆಯ್ತು. ನಮ್ಮೂರೋರಂಗೆ ಅಡ್ಡ ಬಾಯಿ ಆಕ್ಸು,” ಎಂದರು ಕೆಂಪಯ್ಯ.

ಕೊನೆಗೆ, ಮುಂದೆ ಒಬ್ಬರೇ ಉಳಿದಾಗ ಒಮ್ಮೆ, ಸರದಿ ಬಂದಾಗ ಒಮ್ಮೆ, ಎಲ್ಲವನ್ನೂ ತಡೆದು ಹೇಳುವಂತೆ ಶ್ರೀಕರ ಮಾಡಿದ. ಸಂಜೆ ಅವನೂ ಕೆಂಪಯ್ಯನವರೂ ಆಸ್ಪತ್ರೆಯ ಬೆಂಚಿನಲ್ಲಿ ಕೂತರು. ಶ್ರೀಕರ ತನ್ನ ಫೋನು ಜೇಬಿಗಿಳಿಸಿ, ನೋಯುವ ಕೆನ್ನೆಯನ್ನೇ ಕೆಂಪಯ್ಯನವರ ಫೋನಿಗೆ ಅಂಟಿಸಿದ.

ಫೋನು ಸುದ್ದಿಯನ್ನು ತುಂಡರಿಸಿತು: “ನಿಮ್ಮ ಮುಂದೆ ಒಬ್ಬರಿದ್ದಾರೆ.”

ಶ್ರೀಕರನ ಹಲ್ಲುನೋವು ಹಾರಿಹೋಯಿತು. ಕೆಂಪಯ್ಯನವರ ಫೋನಿನಿಂದಲೇ ಸಂಪತ್ ಕುಮಾರರಿಗೆ ಕರೆ ಮಾಡಿ, ಊದಿದ ಬಾಯಲ್ಲೇ ವರದಿ ಒಪ್ಪಿಸಿದ. ಬೆಂಚಿನವರೆಲ್ಲ ಅವನ ಬೆನ್ನು ತಟ್ಟಿದರು. ಹತ್ತು ನಿಮಿಷಕ್ಕೆ ಮತ್ತೆ ದನಿ ಬಂತು: “ಈಗ ನಿಮ್ಮ ಸರದಿ.”

“ಸರೋಯ್ತು ಕಣ್ಲಾ ಮಗ,” ಎಂದು ಕೆಂಪಯ್ಯ ಎದ್ದರು. ಶ್ರೀಕರ ಮದುವೆ ಗಂಡಿನ ಗತ್ತಿನಲ್ಲಿ ಅವರನ್ನು ಬಾಗಿಲಿಗೆ ಕರೆದೊಯ್ದ. ಟೋಕನ್ ನೋಡುವ ಶಶಿರೇಖಾ ಗೊಣಗಿದಳು: “ಆ ಇಪ್ಪತ್ತನೇ ನಂಬರಿನೋರು ಯಾರೋ ಬರ್ಲೇ ಇಲ್ಲ. ಡಾಕ್ಟ್ರು ಹತ್ತು ನಿಮಿಷ ಸುಮ್ನೆ ಕಾದ್ರು.”

ಶ್ರೀಕರ ಜೇಬಿನಿಂದ ಫೋನು ತೆಗೆದ. ಓದಿ ಹೇಳದ ಆ ಫೋನು ಸದ್ದಿಲ್ಲದೆ ಬೆಳಗುತ್ತಿತ್ತು: ಸರದಿ ತಪ್ಪಿದೆ, ನಾಳೆ ಬನ್ನಿ. “ಅಯ್ಯೋ, ನನ್ನ ನಂಬರು!” ಎಂದ.

ಕೆಂಪಯ್ಯ ಬಾಗಿಲಲ್ಲೇ ತಿರುಗಿದರು. “ಆ ಮುಂದಿದ್ದೋನು ನೀನೇನ್ಲಾ? ಓಗ್ಲಿ ಬುಡು. ನಾಳೆ ನಾನೂ ಬತ್ತೀನಿ. ನಿನ್ ನಂಬರು ಬಂದೇಟ್ಗೆ ಕೂಗ್ತೀನಿ.”